ಆಗುಂಬೆಯ ತಿರುವಿಗೆ ಡಬ್ಲ್ಯೂ ಬೇಕೆ, ವಿ ಸಾಕೆ? ಸ್ಪೋರ್ಟ್ಸ್ ಕಾರಿನ ಟಯರು ಕೊಳ್ಳುವ ಮೊದಲು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬೆಂಗಳೂರಿನಿಂದ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದಿದ್ದಾರೆ. ಎಷ್ಟು ಕೊಟ್ಟರೆಂಬುದನ್ನು ಮನೆಯವರಿಗೆ ಇನ್ನೂ ಪೂರ್ತಿ ಹೇಳಿಲ್ಲ. ನಾಲ್ಕೂ ಟಯರು ಸವೆದಿವೆ. ಶಿವಮೊಗ್ಗದ ಅಂಗಡಿಯಲ್ಲಿ ವಿಚಾರಿಸಿದಾಗ ಮೂರು ದರ ಕೇಳಿಬಂತಂತೆ: ಎಚ್ ಗುರುತಿನದು ಅಗ್ಗ, ವಿ ನಡುವಿನದು, ಡಬ್ಲ್ಯೂ ದುಬಾರಿ. “ಡಬ್ಲ್ಯೂ ಎಂದರೆ 270 ಕಿಲೋಮೀಟರ್ ವೇಗ. ನಮ್ಮ ಘಟ್ಟದಲ್ಲಿ ಆ ವೇಗದಲ್ಲಿ ಹೊರಟವರು ತಿರುವು ಹಿಡಿಯುವುದಿಲ್ಲ, ನೇರ ಘಟ್ಟದ ಬುಡದ ಸೋಮೇಶ್ವರಕ್ಕೇ ಹಾರುತ್ತಾರೆ” ಎಂದು ಅಂಗಡಿಯವರು ನಕ್ಕರಂತೆ. ನಗುವಿನಲ್ಲಿ ಸತ್ಯವಿದೆ. ಆದರೆ ಆ ಸತ್ಯದಿಂದ ಅಗ್ಗದ ಗುರುತೇ ಸಾಕು ಎಂದು ಅವರು ತೆಗೆದ ತೀರ್ಮಾನ ತಪ್ಪು. ಇಂಥದೇ ಒಂದು ಹಳೆಯ ಕಾರನ್ನು ಹತ್ತು ಮಳೆಗಾಲ ಓಡಿಸಿದ ಅನುಭವದಿಂದ, ಮತ್ತು ಒಮ್ಮೆ ತಪ್ಪು ಟಯರು ಹಾಕಿಸಿಕೊಂಡ ಅನುಭವದಿಂದಲೂ, ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಅಕ್ಷರದ ಅರ್ಥ. ಟಯರಿನ ಪಕ್ಕೆಯ ಮೇಲೆ 225/45 ಆರ್ 17 91 ಡಬ್ಲ್ಯೂ ಎಂದು ಬರೆದಿದೆ ಎನ್ನೋಣ. 225 ಎಂದರೆ ಮಿಲಿಮೀಟರಿನಲ್ಲಿ ಅಗಲ. ಪಕ್ಕೆಯ ಎತ್ತರ ಆ ಅಗಲದ ಶೇಕಡಾ 45. ರಿಮ್ಮು 17 ಇಂಚಿನದು. 91 ಎನ್ನುವುದು ಭಾರದ ಸೂಚ್ಯಂಕ, ಅಂದರೆ ಒಂದು ಟಯರು ಹೊರಬಲ್ಲದ್ದು 615 ಕಿಲೋ. ಕೊನೆಯ ಅಕ್ಷರ ವೇಗದ ಗುರುತು. ಟಿ ಇದ್ದರೆ ಗಂಟೆಗೆ 190 ಕಿಲೋಮೀಟರ್, ಎಚ್ ಇದ್ದರೆ 210, ವಿ 240, ಡಬ್ಲ್ಯೂ 270, ವೈ 300. ವೈ ಅಕ್ಷರವನ್ನು ಭಾರದ ಸೂಚ್ಯಂಕದೊಡನೆ ಆವರಣದೊಳಗೆ ಹಾಕಿದ್ದರೆ 300ಕ್ಕಿಂತಲೂ ಮೇಲೆ. ಅಳತೆಯ ನಡುವೆ ಝಡ್‌ಆರ್ ಎಂದಿದ್ದರೆ 240ಕ್ಕಿಂತ ಹೆಚ್ಚು ಎಂದಷ್ಟೇ ಅರ್ಥ, ಎಷ್ಟು ಹೆಚ್ಚು ಎಂಬುದನ್ನು ಕೊನೆಯ ಅಕ್ಷರವೇ ಹೇಳಬೇಕು. ಝಡ್‌ಆರ್ ಎಂಬುದನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ ಹೆಚ್ಚು ಬೆಲೆ ಹೇಳುವವರಿದ್ದಾರೆ. ಅವರ ಮುಂದೆ ಸುಮ್ಮನೆ ಕೊನೆಯ ಅಕ್ಷರದ ಮೇಲೆ ಬೆರಳಿಡಿ. ಅಕ್ಷರಮಾಲೆಯ ಸಾಲು ಬಿಟ್ಟು ಯು ಮತ್ತು ವಿ ನಡುವೆ ಬಂದು ಕುಳಿತಿರುವ ಎಚ್ ಹಳೆಯ ಪದ್ಧತಿಯ ಉಳಿಕೆ. ಹಿಂದೆ ಎಸ್, ಎಚ್, ವಿ ಮಾತ್ರ ಬಳಕೆಯಲ್ಲಿದ್ದವು, ಉಳಿದವು ಆಮೇಲೆ ಸೇರಿದವು.

ಇನ್ನು ಅಂಗಡಿಯವರ ಲೆಕ್ಕ. 2018ರ ಕೇಂದ್ರದ ಅಧಿಸೂಚನೆಯ ಪ್ರಕಾರ ಕಾರುಗಳ ಗರಿಷ್ಠ ವೇಗ ಎಕ್ಸ್‌ಪ್ರೆಸ್‌ವೇಯಲ್ಲಿ 120, ವಿಭಜಕವಿರುವ ಚತುಷ್ಪಥದಲ್ಲಿ 100. ಶಿವಮೊಗ್ಗ ಜಿಲ್ಲೆಯಲ್ಲಿ 240 ಮುಟ್ಟಲು ಸಾಕಾಗುವಷ್ಟು ಉದ್ದದ ನೇರ ಡಾಂಬರು ಇರುವುದು ಸೋಗಾನೆಯಲ್ಲಿ, ವಿಮಾನ ನಿಲ್ದಾಣದ 3,200 ಮೀಟರ್ ರನ್‌ವೇ. ಅಲ್ಲಿ ನಮ್ಮನ್ನು ಬಿಡುವುದಿಲ್ಲ. ಹಾಗಾದರೆ ಎಚ್ ಕೂಡ ಅತಿಯೇ ಅಲ್ಲವೆ?

ಅಲ್ಲ, ಏಕೆಂದರೆ ಅಕ್ಷರ ಹೇಳುತ್ತಿರುವುದು ವೇಗವನ್ನಾದರೂ ಅಳೆಯುತ್ತಿರುವುದು ಕಾವನ್ನು. ಮೇಲಿನ ಅಳತೆಯ ಟಯರಿನ ಸುತ್ತಳತೆ ಸುಮಾರು ಎರಡು ಮೀಟರ್. ಗಂಟೆಗೆ 240ರಲ್ಲಿ ಅದು ಸೆಕೆಂಡಿಗೆ 33 ಸುತ್ತು ತಿರುಗುತ್ತದೆ. ಅಂದರೆ ರಬ್ಬರಿನ ಒಂದೊಂದು ತುಣುಕೂ ಸೆಕೆಂಡಿಗೆ 33 ಬಾರಿ ನೆಲಕ್ಕೆ ಅಮುಕಿ ಮತ್ತೆ ಅರಳುತ್ತದೆ. ಪ್ರತಿ ಅಮುಕಿಗೂ ಸ್ವಲ್ಪ ಶಕ್ತಿ ಕಾವಾಗಿ ಒಳಗೇ ಉಳಿಯುತ್ತದೆ. ಜೊತೆಗೆ ಹೊರಗೆ ಎಸೆಯುವ ಬಲ: ಆ ವೇಗದಲ್ಲಿ ಪಟ್ಟಿಯ ಮೇಲಿನ ಒಂದು ಗ್ರಾಂ ರಬ್ಬರು ಸುಮಾರು 1,400 ಗ್ರಾಂ ತೂಗುವಂತೆ ಹೊರಕ್ಕೆ ಎಳೆಯುತ್ತದೆ. 80 ಕಿಲೋಮೀಟರಿನಲ್ಲಿ ಅದೇ ಗ್ರಾಂ ಎಳೆಯುವುದು 160 ಗ್ರಾಂನಷ್ಟು. ಇದನ್ನೆಲ್ಲ ತಡೆಯಲು ಉಕ್ಕಿನ ಪಟ್ಟಿಗಳ ಮೇಲೆ ನೈಲಾನ್ ಪದರ ಸುತ್ತುತ್ತಾರೆ, ಪಕ್ಕೆಯನ್ನು ಗಟ್ಟಿ ಮಾಡುತ್ತಾರೆ, ಕಾವು ಕಡಿಮೆ ಹುಟ್ಟುವ ರಬ್ಬರು ಬಳಸುತ್ತಾರೆ.

ಈ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ, ತಿರುಗುವ ಉರುಳೆಯ ಮೇಲೆ, ಹೊಸ ಟಯರಿಗೆ ಸರಿಯಾದ ಗಾಳಿ ತುಂಬಿಸಿ, ಹಂತಹಂತವಾಗಿ ವೇಗ ಏರಿಸುತ್ತ, ಸುಮಾರು ಒಂದು ಗಂಟೆ. ನಮ್ಮ ಟಯರಿನ ಸ್ಥಿತಿ ಹಾಗಿರುವುದಿಲ್ಲ. ತಿಂಗಳಿಂದ ಗಾಳಿ ನೋಡಿಲ್ಲ, ನಾಲ್ಕು ವರ್ಷ ಬಿಸಿಲು ಕಂಡಿದೆ, ಒಂದು ಪಂಕ್ಚರಿಗೆ ತೇಪೆ ಹಾಕಿದೆ. ಪಂಕ್ಚರು ತಿದ್ದಿದ ಮೇಲೆ ವೇಗದ ಗುರುತಿಗೆ ನಾವು ಹೊಣೆಯಲ್ಲ ಎಂದು ಹೇಳುವ ಕಂಪನಿಗಳು ಹಲವು. ಆದ್ದರಿಂದ ಅಕ್ಷರ ಕೊಡುವ 270 ನಾವು ಖರ್ಚು ಮಾಡಲು ಕೊಟ್ಟ ಹಣವಲ್ಲ, ಕಷ್ಟಕಾಲಕ್ಕೆ ಇಟ್ಟ ಇಡುಗಂಟು.

ಆದರೆ ಇದೇ ಅಕ್ಷರ ಹೇಳದ ಒಂದು ಸಂಗತಿಯೇ ಮಲೆನಾಡಿನವರಿಗೆ ಎಲ್ಲಕ್ಕಿಂತ ಮುಖ್ಯ. ಒದ್ದೆ ರಸ್ತೆಯಲ್ಲಿ ಹಿಡಿತ ಎಷ್ಟು ಎಂದು ಅದು ಹೇಳುವುದಿಲ್ಲ. ವೈ ಗುರುತಿನ ಟಯರು ವಿ ಗುರುತಿನದಕ್ಕಿಂತ ಮಳೆಯಲ್ಲಿ ಜಾರಬಹುದು. ಇದು ತಿಳಿಯದೆ ಅಕ್ಷರದ ಹಿಂದೆ ಬಿದ್ದವರನ್ನು ತುಂಬ ನೋಡಿದ್ದೇನೆ.

ಯಾವುದನ್ನು ಇಟ್ಟುಕೊಂಡು ತೂಗಬೇಕು

ನಾನು ಐದು ಸಂಗತಿ ನೋಡುತ್ತೇನೆ, ಇದೇ ಕ್ರಮದಲ್ಲಿ. ಮೊದಲನೆಯದು ಕಾರು ಏನು ಕೇಳುತ್ತದೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಅಳತೆ ಮತ್ತು ಗಾಳಿಯ ಒತ್ತಡ ಇರುತ್ತದೆ, ಕೈಪಿಡಿಯಲ್ಲಿ ಭಾರ ಮತ್ತು ವೇಗದ ಗುರುತು ಇರುತ್ತದೆ. ಅದು ಕನಿಷ್ಠ ಮಿತಿ. ಎರಡನೆಯದು ಭಾರದ ಸೂಚ್ಯಂಕ. ಅಕ್ಷರದ ಗದ್ದಲದಲ್ಲಿ ಇದನ್ನು ಮರೆಯುವವರೇ ಹೆಚ್ಚು. 91ರ ಜಾಗದಲ್ಲಿ 87 ಹಾಕಿದರೆ ಟಯರಿಗೆ 545 ಕಿಲೋ ಮಾತ್ರ, ನಾಲ್ಕರಿಂದ 280 ಕಿಲೋ ಖೋತಾ. ಅದೇ 94 ಎಕ್ಸ್‌ಎಲ್, ಅಂದರೆ ಹೆಚ್ಚು ಭಾರ ಹೊರುವಂತೆ ಮಾಡಿದ್ದನ್ನು ಹಾಕಿದರೆ 670 ಕಿಲೋ. ಮೂರನೆಯದು ನೀರು. ನಾಲ್ಕನೆಯದು ಗುಂಡಿ ಮತ್ತು ಡಾಂಬರಿನ ಅಂಚು, ಅಂದರೆ ಪಕ್ಕೆ ಎಷ್ಟು ತಡೆದೀತು ಎಂಬುದು. ಐದನೆಯದು ಕಿಲೋಮೀಟರಿಗೆ ಬೀಳುವ ಖರ್ಚು. ಟಯರಿನ ಬೆಲೆ ಎನ್ನಲಿಲ್ಲ, ಕಿಲೋಮೀಟರಿನ ಖರ್ಚು ಎಂದೆ.

ನೀರಿನ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಹುಲಿಕಲ್ಲಿನವರು ತಮ್ಮದೇ ಹೆಚ್ಚು ಎಂದು ವಾದಿಸುತ್ತಾರೆ. ರಸ್ತೆಯ ಮೇಲೆ ನೀರು ನಿಂತಾಗ ಟಯರು ಅದನ್ನು ಗೀರುಗಳ ಮೂಲಕ ಹೊರದೂಡಬೇಕು. ದೂಡಲಾಗದಿದ್ದರೆ ದೋಣಿಯಂತೆ ಮೇಲೆ ತೇಲುತ್ತದೆ. ಆಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ವಿಮಾನದ ಟಯರುಗಳ ಮೇಲೆ ನಾಸಾ 1960ರ ದಶಕದಲ್ಲಿ ಮಾಡಿದ ಪ್ರಯೋಗಗಳಿಂದ ಬಂದ ಸೂತ್ರವೊಂದಿದೆ. ಗೀರು ಸವೆದ ಟಯರು ಆಳದ ನೀರಿನಲ್ಲಿ ಯಾವ ವೇಗಕ್ಕೆ ತೇಲುತ್ತದೆ ಎಂಬುದು ಅದರ ಪ್ರಕಾರ ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸಿದೆ. ಲೆಕ್ಕ ಹಾಕಿದರೆ 32 ಪೌಂಡ್ ಒತ್ತಡಕ್ಕೆ ಗಂಟೆಗೆ ಸುಮಾರು 94 ಕಿಲೋಮೀಟರ್, 24 ಪೌಂಡಿಗೆ ಸುಮಾರು 82. ಕಾರಿನ ಟಯರಿಗೆ ಇದು ಅಂದಾಜಷ್ಟೇ. ಆದರೆ ಆ ಸೂತ್ರದಲ್ಲಿ ಅಕ್ಷರಕ್ಕೆ ಜಾಗವೇ ಇಲ್ಲ ಎಂಬುದನ್ನು ಗಮನಿಸಿ. ಅಗಲದ ಟಯರು ಹೆಚ್ಚು ನೀರು ದೂಡಬೇಕಾದ್ದರಿಂದ ಬೇಗ ತೇಲುತ್ತದೆ. ಕಾರಿನ ಅಂದಕ್ಕೆಂದು 225ರ ಬದಲು 245 ಹಾಕಿಸುವವರು ಪುಷ್ಯ ಮಳೆಯ ದಿನ ಇದನ್ನು ನೆನೆಯಬೇಕು. ಕಾನೂನಿನ ಪ್ರಕಾರ ಗೀರಿನ ಕನಿಷ್ಠ ಆಳ 1.6 ಮಿಲಿಮೀಟರ್. ನಮ್ಮ ಕಡೆ ಅದನ್ನು ನಂಬಿ ಕೂರುವುದು ಹುಚ್ಚು. ನಾನು 3 ಮಿಲಿಮೀಟರಿಗೆ ಬದಲಿಸುತ್ತೇನೆ.

ಮುಂದಿರುವ ಆಯ್ಕೆಗಳು

ಬೆಳೆಗಾರರ ಕಾರಿನ ಕೈಪಿಡಿ ಕೇಳುವುದು 225/45 ಆರ್ 17 91 ಡಬ್ಲ್ಯೂ. ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಅದೇ ಡಬ್ಲ್ಯೂ, ಸ್ಪೋರ್ಟ್ಸ್ ಮಾದರಿಯ ಟಯರು. ಕಾರು ಹುಟ್ಟಿದ್ದು ಇದರ ಮೇಲೆಯೇ. ಸ್ಟೀರಿಂಗ್ ತಿರುಗಿಸಿದ ಕ್ಷಣ ಮೂತಿ ತಿರುಗುತ್ತದೆ, ಏಕೆಂದರೆ ಪಕ್ಕೆ ಗಟ್ಟಿ, ಬಾಗುವುದು ಕಡಿಮೆ. ಮಿಶಲಿನ್ ಪೈಲಟ್ ಸ್ಪೋರ್ಟ್‌ನಂಥ ಒಳ್ಳೆಯ ಕಂಪನಿಗಳ ಸ್ಪೋರ್ಟ್ಸ್ ಟಯರುಗಳಲ್ಲಿ ಒದ್ದೆ ಹಿಡಿತವೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ರಬ್ಬರು ಮೆದುವಾದ್ದರಿಂದ. ಅದೇ ಕಾರಣಕ್ಕೆ ಬೇಗ ಸವೆಯುತ್ತದೆ. ಇವು ಬೇಸಿಗೆ ಟಯರುಗಳು, ಚಳಿಗೆ ಬಿರುಸಾಗುತ್ತವೆ ಎಂದು ಪರದೇಶದ ಲೇಖನಗಳಲ್ಲಿ ಓದಿ ಹೆದರಬೇಡಿ. ಆ ತೊಂದರೆ ಶುರುವಾಗುವುದು 7 ಡಿಗ್ರಿಯ ಕೆಳಗೆ, ನಮ್ಮ ಮಾಗಿಯ ಚಳಿ ಸಾಮಾನ್ಯವಾಗಿ ಅಷ್ಟಕ್ಕೆ ಇಳಿಯುವುದಿಲ್ಲ.

ಅದೇ ಡಬ್ಲ್ಯೂ, ಟೂರಿಂಗ್ ಮಾದರಿ. ಬಹಳ ಜನಕ್ಕೆ ಇಂಥದೊಂದು ಇದೆ ಎಂದೇ ತಿಳಿದಿಲ್ಲ. ದೊಡ್ಡ ಸೆಡಾನುಗಳಿಗೆಂದು ಇದೇ ಅಳತೆ, ಇದೇ ಅಕ್ಷರದಲ್ಲಿ ಮೃದು ಸವಾರಿಯ ಟಯರುಗಳು ಸಿಗುತ್ತವೆ. ತಿರುವಿನಲ್ಲಿ ಅಷ್ಟು ಚುರುಕಿಲ್ಲ, ಆದರೆ ಬಾಳಿಕೆ ಹೆಚ್ಚು, ಸದ್ದು ಕಡಿಮೆ, ಬೆಲೆ ಸಹ ಸಾಮಾನ್ಯವಾಗಿ ಕಡಿಮೆ. ಪಕ್ಕೆಯ ಮೇಲೆ ಅಮೆರಿಕದ ದರ್ಜೆಗಳಿದ್ದರೆ ಹೋಲಿಸಲು ಸುಲಭ: ಸವೆತದ ಅಂಕಿ 300ರ ಆಸುಪಾಸಿದ್ದರೆ ಸ್ಪೋರ್ಟ್ಸ್ ಸ್ವಭಾವ, 400 ದಾಟಿದರೆ ಟೂರಿಂಗ್ ಸ್ವಭಾವ. ಪಕ್ಕದಲ್ಲೇ ಇರುವ ಎಎ, ಎ, ಬಿ ಒದ್ದೆ ನೆಲದಲ್ಲಿ ನೇರವಾಗಿ ನಿಲ್ಲಿಸುವ ಶಕ್ತಿ. ತಿರುವಿನ ಹಿಡಿತವನ್ನು ಅದು ಹೇಳುವುದಿಲ್ಲ, ಆದರೂ ಎಎ ಇರುವುದನ್ನೇ ಹುಡುಕುವುದು ಲೇಸು. ಯುರೋಪಿನ ಚೀಟಿ ಅಂಟಿಸಿಕೊಂಡು ಬಂದ ಟಯರಾದರೆ ಮಳೆಮೋಡದ ಚಿತ್ರದ ಮುಂದಿನ ಅಕ್ಷರ ನೋಡಿ. ಅಲ್ಲಿ ಎ ಎಲ್ಲಕ್ಕಿಂತ ಒಳ್ಳೆಯದು, ಇ ಎಲ್ಲಕ್ಕಿಂತ ಕೆಳಗಿನದು.

ವೈ ಗುರುತು. ಮೇಲಿನ ದರ್ಜೆ ಹಾಕಲು ಅಡ್ಡಿಯಿಲ್ಲ. ಆದರೆ ಕಾರು ಕೇಳದಿದ್ದಾಗ ಅದಕ್ಕೆಂದೇ ಹಣ ಕೊಡುವುದರಲ್ಲಿ ಅರ್ಥವಿಲ್ಲ. ನಿಮಗೆ ಬೇಕಾದ ಮಾದರಿ ವೈನಲ್ಲಿ ಮಾತ್ರ ಸಿಗುತ್ತದೆ ಎಂದಾದರೆ ತೆಗೆದುಕೊಳ್ಳಿ, ಮುಗಿಯಿತು.

ಅದೇ ಅಳತೆಯಲ್ಲಿ ವಿ ಅಥವಾ ಎಚ್. ಇಲ್ಲಿಯೇ ಎಲ್ಲರ ಕೈ ತಡವರಿಸುವುದು. ಹಣ ಉಳಿಯುತ್ತದೆ, ಸವಾರಿ ಮೆತ್ತಗಾಗುತ್ತದೆ, 100ರಲ್ಲಿ ಹೋಗುವಾಗ ಟಯರು ಸಿಡಿಯುವುದೂ ಇಲ್ಲ. ಆದರೂ ಬೇಡ ಎನ್ನುತ್ತೇನೆ. ಕೈಪಿಡಿಗಿಂತ ಕೆಳಗಿನದನ್ನು ಹಾಕಿ ಅಪಘಾತವಾದರೆ ವಿಮೆಯವರ ಮುಂದೆ ವಾದಿಸುವ ಸ್ಥಿತಿ ನಿಮ್ಮದು. ಅದಕ್ಕಿಂತ ದೊಡ್ಡ ಕಾರಣ, ಕಾರಿನ ಸ್ಪ್ರಿಂಗು, ಬ್ರೇಕು, ಜಾರಿಕೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಎಲ್ಲವನ್ನೂ ಒಂದು ಗಡಸಿನ ಟಯರಿಗೆ ಹೊಂದಿಸಿರುತ್ತಾರೆ. ಹಿಮದ ದೇಶಗಳಲ್ಲಿ ಚಳಿಗಾಲದ ಟಯರಿಗೆ ಕೆಳಗಿನ ಅಕ್ಷರವನ್ನು ಒಪ್ಪುತ್ತಾರೆ, ಚಾಲಕನ ಕಣ್ಣಿಗೆ ಬೀಳುವಂತೆ ವೇಗದ ಚೀಟಿ ಅಂಟಿಸಬೇಕೆಂಬ ಷರತ್ತಿನ ಮೇಲೆ. ಆ ರಿಯಾಯಿತಿ ಹಿಮಕ್ಕೆ ಕೊಟ್ಟದ್ದು, ನಮ್ಮ ಜಡಿಮಳೆಗಲ್ಲ.

ಇದಕ್ಕಿಂತ ಕೆಟ್ಟದ್ದು ಎರಡು ಹಳೆಯದು, ಎರಡು ಅಗ್ಗದ್ದು. ಅದನ್ನೇ ನಾನು ಮಾಡಿದ್ದೆ. ಮುಂದೆ ಒಳ್ಳೆಯ ಡಬ್ಲ್ಯೂ ಟಯರುಗಳು ಅರ್ಧ ಉಳಿದಿದ್ದವು, ಹಿಂದಕ್ಕೆ ಮಾತ್ರ ಅಗ್ಗದ ಎಚ್ ಹಾಕಿಸಿದೆ. ಒಂದು ಆರಿದ್ರಾ ಮಳೆಯಲ್ಲಿ, ಮಂಡಗದ್ದೆ ದಾಟಿ ತುಂಗೆಯ ಪಕ್ಕದ ತಿರುವಿನಲ್ಲಿ, ಮೂತಿ ಹೇಳಿದ ಮಾತು ಕೇಳಿತು, ಹಿಂಭಾಗ ಕೇಳಲಿಲ್ಲ. ಬಾಲ ಹೊರಳಿ ಕಾರು ಅಡ್ಡಲಾಗಿ ನಿಂತಿತು. ಎದುರಿನಿಂದ ಬಸ್ ಬರಲಿಲ್ಲ, ಅಷ್ಟೇ ನನ್ನ ಪುಣ್ಯ. ವೇಗ 50 ಕೂಡ ಇರಲಿಲ್ಲ. ಬೇರೆ ಬೇರೆ ದರ್ಜೆ ಬೆರೆಸಲೇಬೇಕಾಗಿ ಬಂದರೆ ಉತ್ತಮವಾದದ್ದು ಹಿಂದಕ್ಕೆ ಹೋಗಬೇಕು, ಮತ್ತು ಕಾರಿನ ಗರಿಷ್ಠ ವೇಗ ಅತಿ ಕೆಳಗಿನ ಅಕ್ಷರದ್ದೇ ಆಗುತ್ತದೆ.

ಒಂದು ಇಂಚು ಕೆಳಗೆ ಇಳಿಯುವುದು. ಮಲೆನಾಡಿನ ಮಟ್ಟಿಗೆ ನನಗೆ ಇದರ ಮೇಲೆ ಒಲವು. 17ರ ರಿಮ್ಮು ತೆಗೆದು 16ರ ರಿಮ್ಮಿಗೆ 205/55 ಟಯರು ಹಾಕಿದರೆ ಒಟ್ಟು ವ್ಯಾಸ 634 ಮಿಲಿಮೀಟರ್ ಇದ್ದದ್ದು 632 ಆಗುತ್ತದೆ. ಸ್ಪೀಡೋಮೀಟರಿಗೆ ವ್ಯತ್ಯಾಸವೇ ತಿಳಿಯದು. ಪಕ್ಕೆ 101ರಿಂದ 113 ಮಿಲಿಮೀಟರಿಗೆ ಏರುತ್ತದೆ, ಗುಂಡಿಗೆ ಬಿದ್ದಾಗ ರಿಮ್ಮಿಗೂ ನೆಲಕ್ಕೂ ನಡುವೆ ಒಂದು ಬೆರಳಷ್ಟು ಹೆಚ್ಚು ರಬ್ಬರು. ಅಗಲ ಕಡಿಮೆಯಾದ್ದರಿಂದ ನೀರಿನಲ್ಲಿ ತೇಲುವುದೂ ತಡ. ಭಾರದ ಸೂಚ್ಯಂಕ ಅದೇ 91 ಸಿಗುತ್ತದೆ. ಇದು ಬಹಳ ಕಾರುಗಳು ಬಳಸುವ ಅಳತೆಯಾದ್ದರಿಂದ ಸಿಗುವುದೂ ಸುಲಭ. ಅನೇಕ ಕಾರುಗಳ ಕೈಪಿಡಿಯಲ್ಲಿ ಇಂಥ ಚಿಕ್ಕ ಅಳತೆಯನ್ನೂ ಪರ್ಯಾಯವಾಗಿ ಕೊಟ್ಟಿರುತ್ತಾರೆ, ಕೆಲವೊಮ್ಮೆ ವಿ ಅಕ್ಷರದೊಡನೆಯೇ. ಹಾಗೆ ಕೊಟ್ಟಿದ್ದರೆ ವಿ ನಿಮಗೆ ಒಪ್ಪಿತ. ಕೊಡದಿದ್ದರೆ 16ರಲ್ಲಿಯೂ ಡಬ್ಲ್ಯೂ ಹುಡುಕಿ. ತೊಂದರೆಗಳು ಇಲ್ಲದಿಲ್ಲ. ದೊಡ್ಡ ಬ್ರೇಕಿರುವ ಕಾರಿಗೆ 16ರ ರಿಮ್ಮು ಕೂರುವುದೇ ಇಲ್ಲ, ಬ್ರೇಕಿನ ತಟ್ಟೆಯನ್ನು ಹಿಡಿಯುವ ಕ್ಯಾಲಿಪರಿಗೆ ತಾಗುತ್ತದೆ. ರಿಮ್ಮಿಗೆ ಬೇರೆ ಖರ್ಚು. ತಿರುವಿನ ಚುರುಕು ಸ್ವಲ್ಪ ಮಂಕಾಗುತ್ತದೆ. ಮತ್ತು ಕಾರು ನೋಡಲು ಸ್ವಲ್ಪ ಬಡವಾಗುತ್ತದೆ, ಇದಕ್ಕೆ ನನ್ನ ಬಳಿ ಔಷಧವಿಲ್ಲ.

ರನ್‌ಫ್ಲಾಟ್ ಬಗ್ಗೆ ಒಂದು ಮಾತು. ಗಾಳಿ ಪೂರ್ತಿ ಹೋದರೂ ಸಾಮಾನ್ಯವಾಗಿ 80ರ ವೇಗದಲ್ಲಿ 80 ಕಿಲೋಮೀಟರ್ ಓಡುವ ಟಯರು ಅದು. ರಾತ್ರಿ ಹತ್ತಕ್ಕೆ ಬಾಳೆಬರೆ ಘಟ್ಟದ ನಡುವೆ ಪಂಕ್ಚರಾದರೆ ಅದರ ಬೆಲೆ ತಿಳಿಯುತ್ತದೆ. ಉಳಿದ ದಿನಗಳಲ್ಲೆಲ್ಲ ಅದರ ಬಿರುಸು ಪಕ್ಕೆ ನಿಮ್ಮ ಸೊಂಟಕ್ಕೆ ಲೆಕ್ಕ ಒಪ್ಪಿಸುತ್ತದೆ. ಡಿಕ್ಕಿಯಲ್ಲಿ ತೆಳ್ಳನೆಯ ತಾತ್ಕಾಲಿಕ ಗಾಲಿ ಇರುವವರು ಅದರ ಮೇಲಿನ ಚೀಟಿಯನ್ನೂ ಓದಿ, ಅದಕ್ಕೆ 80 ದಾಟಬಾರದು.

ಯಾರಿಗೆ ಯಾವುದು

ಶಿವಮೊಗ್ಗದಲ್ಲಿ ಮನೆ, ಭಾನುವಾರ ಬೆಳಗ್ಗೆ ಆಗುಂಬೆಗೆ ಹೋಗಿ ಬರುವುದು, ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಎನ್ನುವವರಿಗೆ ಸ್ಪೋರ್ಟ್ಸ್ ಡಬ್ಲ್ಯೂ. ಸವೆಯುವ ಮೊದಲೇ ವಯಸ್ಸಾಗುತ್ತದೆ, ಹಾಗಾಗಿ ಬಾಳಿಕೆಯ ಟಯರಿಗೆ ಹಣ ಹಾಕಿ ಪ್ರಯೋಜನವಿಲ್ಲ. ಘಟ್ಟದ ತಿರುವಿನಲ್ಲಿ ಸ್ಟೀರಿಂಗಿನ ಸುಖಕ್ಕೇ ಅಲ್ಲವೆ ಅಂಥ ಕಾರು ಇಟ್ಟುಕೊಂಡಿರುವುದು? ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಬಾರದು, ಸಕ್ರೆಬೈಲಿನ ಆನೆ ಬಿಡಾರದ ನೆರೆಯವರಾದ ನಮಗಂತೂ ಇದನ್ನು ಹೇಳಿಕೊಡಬೇಕಿಲ್ಲ.

ತಿಂಗಳಿಗೆ ಮೂರು ಬಾರಿ ಅರಸೀಕೆರೆ, ತಿಪಟೂರು, ತುಮಕೂರು ದಾಟಿ ಬೆಂಗಳೂರಿಗೆ ಹೋಗಿಬರುವವರ ಲೆಕ್ಕ ಬೇರೆ. ಹದಿನೈದು ಸಾವಿರದ ಟಯರು 30,000 ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ 50 ಪೈಸೆ, ನಾಲ್ಕಕ್ಕೆ 2 ರೂಪಾಯಿ. ಹನ್ನೆರಡು ಸಾವಿರದ್ದು 48,000 ಬಂದರೆ ನಾಲ್ಕಕ್ಕೆ 1 ರೂಪಾಯಿ. ಅಂಕಿಗಳು ಉದಾಹರಣೆಗೆ, ನಿಮ್ಮ ಅಂಗಡಿಯ ದರ ಹಾಕಿ ನೋಡಿ. ಇವರಿಗೆ ಟೂರಿಂಗ್ ಡಬ್ಲ್ಯೂ.

ತೋಟದ ಮನೆಯವರಿಗೆ, ಅಂದರೆ ಜಂಬಿಟ್ಟಿಗೆಯ ಇಳಿಜಾರು, ಕಿತ್ತ ಡಾಂಬರು, ಹಳ್ಳದ ಮೋರಿ ದಾಟಿಯೇ ದೊಡ್ಡ ರಸ್ತೆಗೆ ಬರಬೇಕಾದವರಿಗೆ, ಬ್ರೇಕಿಗೆ ತಾಗದಿದ್ದರೆ 16ರ ರಿಮ್ಮು. ಕೈ ಬಿಗಿಯಿದ್ದವರು ಅಕ್ಷರ ಇಳಿಸುವ ಬದಲು ಹೆಸರು ಇಳಿಸಲಿ. ಡಬ್ಲ್ಯೂ ಗುರುತಿನಲ್ಲೇ ಅಷ್ಟೇನೂ ಪ್ರಸಿದ್ಧವಲ್ಲದ ಮಾದರಿ ಕೊಳ್ಳುವುದು, ಪ್ರಸಿದ್ಧ ಹೆಸರಿನ ಎಚ್ ಕೊಳ್ಳುವುದಕ್ಕಿಂತ ಒಳ್ಳೆಯದು. ಐಎಸ್‌ಐ ಮುದ್ರೆ ಇರಲಿ, ಕಾರಿನ ಟಯರಿಗೆ ಅದು ಕಡ್ಡಾಯ.

ಅಂಗಡಿಯಲ್ಲಿ ಹಣ ಎಣಿಸುವ ಮೊದಲು ಪಕ್ಕೆಯ ಮೇಲಿನ ನಾಲ್ಕು ಅಂಕಿ ಹುಡುಕಿ. 2324 ಎಂದಿದ್ದರೆ 2024ರ 23ನೆಯ ವಾರ ತಯಾರಾದದ್ದು. ಸ್ಪೋರ್ಟ್ಸ್ ಅಳತೆಗಳು ನಮ್ಮ ಊರಿನಲ್ಲಿ ನಿಧಾನ ಮಾರಾಟವಾಗುವುದರಿಂದ ಅಟ್ಟದಲ್ಲಿ ಮೂರು ವರ್ಷ ಕೂತ ಟಯರು ‘ವಿಶೇಷ ರಿಯಾಯಿತಿ’ಯ ವೇಷದಲ್ಲಿ ಇಳಿದು ಬರುತ್ತದೆ. ಒಂದು ಟಯರು ಒಂದು ವರ್ಷದ್ದು, ಇನ್ನೊಂದು ಬೇರೆ ವರ್ಷದ್ದು ಎಂಬ ಜೋಡಿಯೂ ಬೇಡ, ನಾಲ್ಕೂ ಆಸುಪಾಸಿನ ವಾರದ್ದಾಗಿರಲಿ. ಗಾಳಿಯನ್ನು ಅಂಗಡಿಯವರ ಅಂದಾಜಿಗೆ ಬಿಡದೆ ಬಾಗಿಲ ಚೀಟಿಯ ಪ್ರಕಾರ, ಟಯರು ತಣ್ಣಗಿರುವಾಗ ತುಂಬಿಸಿ.

ಕೊಳ್ಳುವ ಕಾಲ ಮೇ ತಿಂಗಳು. ಹೊಸ ಟಯರಿನ ಮೈಮೇಲೆ ಅಚ್ಚಿನಿಂದ ಬಿಡಿಸುವಾಗ ಹಚ್ಚಿದ ಜಿಡ್ಡು ಉಳಿದಿರುತ್ತದೆ, ಮೊದಲ ಕೆಲವು ನೂರು ಕಿಲೋಮೀಟರ್ ಪೂರ್ತಿ ಹಿಡಿತ ಬರುವುದಿಲ್ಲ. ಅದು ಒಣ ರಸ್ತೆಯಲ್ಲಿ, ರೋಹಿಣಿಯ ಬಿಸಿಲಿನಲ್ಲಿ, ಮೃಗಶಿರಾ ಹಿಡಿಯುವುದರೊಳಗೆ ಉಜ್ಜಿ ಹೋಗಬೇಕು. ಬೆಳೆಗಾರರಿಗೂ ಇಷ್ಟನ್ನೇ ಹೇಳಿದೆ. ಅವರು 16ರ ರಿಮ್ಮು ಬ್ರೇಕಿಗೆ ತಾಗುತ್ತದೆಯೇ ಎಂದು ನೋಡಲು ಗೆಳೆಯರೊಬ್ಬರಿಂದ ಒಂದೇ ಒಂದು ಹಳೆಯ ರಿಮ್ಮನ್ನು ಎರವಲು ತಂದಿದ್ದಾರೆ.